ಅಪ್ಪ ಹಡಗಿನಲ್ಲಿ ಏನು ಮಾಡುತ್ತಿದ್ದರು?

ಪ್ರಶ್ನೆ: ನಮ್ಮ ತಂದೆ 1972ರಲ್ಲಿ ನೌಕಾಪಡೆ ಸೇರಿದರು. ಇಂಜಿನಿಯರಿಂಗ್ ಆಫೀಸರ್ ಆಗಿದ್ದರು, 1997ರಲ್ಲಿ ಕಮಾಂಡರ್ ಆಗಿ ನಿವೃತ್ತರಾದರು. ಈಗ ಧಾರವಾಡದಲ್ಲಿ ನಮ್ಮ ಜೊತೆಗಿದ್ದಾರೆ. ಮೊಮ್ಮಗಳು ಪಿಯುಸಿ ಓದುತ್ತಿದ್ದಾಳೆ. "ತಾತಾ, ಯುದ್ಧದ ಕಥೆ ಹೇಳಿ" ಅಂದರೆ "ನಾನು ಎಂಜಿನ್ ನೋಡ್ಕೊಳ್ತಿದ್ದೆ, ಅಷ್ಟೇ" ಅಂತಾರೆ. ಇವತ್ತಿಗೂ ಬೆಳಗಿನ ಜಾವ ಮೂರೂವರೆಗೆ ಏಳುತ್ತಾರೆ. ಸಂಪಿನ ಮೋಟರ್ ಮೇಲೆ ಸ್ಕ್ರೂಡ್ರೈವರ್ ಇಟ್ಟು ಅದರ ಹಿಡಿಗೆ ಕಿವಿ ಕೊಡುತ್ತಾರೆ. ಆದರೆ ನಾವು ಮಾತಾಡಿದ್ದು ಸರಿಯಾಗಿ ಕೇಳಿಸುವುದಿಲ್ಲ. ಟ್ರಂಕಿನಲ್ಲಿ ಒಂದು ಹಳೆಯ ಬಾಯ್ಲರ್ ಸೂಟ್ (ಅಂಗಿ, ಪ್ಯಾಂಟ್ ಸೇರಿ ಒಂದೇ ಆದ ಕೆಲಸದ ಉಡುಪು), ರಷ್ಯನ್ ಅಕ್ಷರ ಬರೆದ ಒಂದು ನೋಟ್‌ಬುಕ್ ಸಿಕ್ಕಿತು. ಅವರು ನಿಜಕ್ಕೂ ಏನು ಕೆಲಸ ಮಾಡುತ್ತಿದ್ದರು? ಅವರನ್ನು ಮಾತಾಡಿಸುವುದು ಹೇಗೆ?

ಉತ್ತರ: ನಿಮ್ಮ ಪತ್ರದಲ್ಲಿ ಮೊದಲು ನನ್ನ ಕಣ್ಣಿಗೆ ಬಿದ್ದದ್ದು ಆ ಮೂರೂವರೆ ಗಂಟೆ. ಹಡಗಿನಲ್ಲಿ ದಿನವನ್ನು ವಾಚ್‌ಗಳಾಗಿ ಹಂಚುತ್ತಾರೆ. ಒಂದು ವಾಚ್ ಅಂದರೆ ಸಾಮಾನ್ಯವಾಗಿ ನಾಲ್ಕು ಗಂಟೆ. ರಾತ್ರಿ ಹನ್ನೆರಡರಿಂದ ನಾಲ್ಕರವರೆಗೆ ಒಬ್ಬರು, ನಾಲ್ಕರಿಂದ ಎಂಟರವರೆಗೆ ಇನ್ನೊಬ್ಬರು. ನಾಲ್ಕರ ವಾಚಿನವರನ್ನು ಮೂರೂವರೆಗೆ ಬಂದು ಎಬ್ಬಿಸುತ್ತಾರೆ. ಮುಖಕ್ಕೆ ನೀರು ಹಾಕಿಕೊಂಡು, ಒಂದು ಲೋಟ ಚಹಾ ಕುಡಿದು, ಕಬ್ಬಿಣದ ಏಣಿ ಇಳಿದು, ನಾಲ್ಕಕ್ಕೆ ಮೊದಲೇ ಎಂಜಿನ್ ರೂಮಿನಲ್ಲಿ ಇರಬೇಕು. ತಡವಾದರೆ ಕೆಳಗೆ ಬೆವರಿ ನಿಂತವನು ಇನ್ನೂ ಅಲ್ಲೇ ನಿಂತಿರುತ್ತಾನೆ. ಇನ್ನೊಬ್ಬನನ್ನು ಕಾಯಿಸಬಾರದು ಅನ್ನುವುದು ಮೈಗೆ ಹತ್ತಿಬಿಡುತ್ತದೆ. ನಾನು ನಿಮ್ಮ ತಂದೆಯವರಿಗಿಂತ ಚಿಕ್ಕವನು, ಅವರ ನಂತರ ಅದೇ ಕೆಲಸ ಮಾಡಿದವನು. ನನಗೂ ಆ ಹೊತ್ತಿಗೆ ಎಚ್ಚರ ಆಗುತ್ತದೆ.

ಇನ್ನು "ಎಂಜಿನ್ ನೋಡ್ಕೊಳ್ತಿದ್ದೆ" ಅನ್ನುವ ಮಾತು. ಅವರು ಸುಳ್ಳು ಹೇಳಿಲ್ಲ. ಆದರೆ ಆ ಒಂದು ಮಾತಿನೊಳಗೆ ಎಷ್ಟಿದೆ ಅಂತ ಹೊರಗಿನವರಿಗೆ ಗೊತ್ತಾಗುವುದಿಲ್ಲ. ಯುದ್ಧನೌಕೆ ಅಂದರೆ ಇನ್ನೂರು ಮುನ್ನೂರು ಜನರ ಒಂದು ಸಣ್ಣ ಊರು ಇದ್ದ ಹಾಗೆ. ಆ ಊರಿಗೆ ಕರೆಂಟ್ ಬೇಕು. ಸಮುದ್ರದ ನೀರಿನಿಂದ ಕುಡಿಯುವ ನೀರು ಮಾಡಬೇಕು. ಮದ್ದುಗುಂಡು ಇಟ್ಟ ಕೋಣೆ ತಣ್ಣಗಿರಬೇಕು. ಚುಕ್ಕಾಣಿ ತಿರುಗಬೇಕು, ಬೆಂಕಿ ಆರಿಸುವ ಪೈಪಿನಲ್ಲಿ ಸದಾ ಒತ್ತಡ ಇರಬೇಕು. ಇದೆಲ್ಲದರ ಜೊತೆಗೆ ಹಡಗು ಓಡಬೇಕು. ಎಲೆಕ್ಟ್ರಿಕಲ್ ವಿಭಾಗದವರು ಬೇರೆ ಇರುತ್ತಾರೆ, ಅವರ ತರಬೇತಿ ಜಾಮ್‌ನಗರದ ಐಎನ್‌ಎಸ್ ವಲ್ಸುರಾದಲ್ಲಿ. ಉಳಿದ ಮುಕ್ಕಾಲು ಪಾಲು ಭಾರ ನಿಮ್ಮ ತಂದೆಯವರಂಥ ಮರೀನ್ ಇಂಜಿನಿಯರ್‌ಗಳ ಮೇಲೆ.

ಈ ಇಂಜಿನಿಯರ್‌ಗಳ ತವರುಮನೆ ಲೋನಾವಳಾದ ಐಎನ್‌ಎಸ್ ಶಿವಾಜಿ. ಹೆಸರಿನಲ್ಲಿ ಹಡಗು ಇದ್ದರೂ ಅದು ಘಟ್ಟದ ಮೇಲಿನ ತರಬೇತಿ ಕೇಂದ್ರ. 1945ರ ಫೆಬ್ರವರಿಯಲ್ಲಿ ಶುರುವಾಯಿತು. ಅದಕ್ಕೆ ಮೊದಲಿನವರು, ಮತ್ತು ಆಮೇಲೂ ಕೆಲವು ವರ್ಷ, ಓದಲು ಇಂಗ್ಲೆಂಡಿಗೆ ಹೋಗಬೇಕಿತ್ತು. ಆ ಕೇಂದ್ರದ ಧ್ಯೇಯವಾಕ್ಯ "ಕರ್ಮಸು ಕೌಶಲಂ". ಮಾಡುವ ಕೆಲಸದಲ್ಲಿ ಕುಶಲತೆ ಇರಲಿ ಅಂತ. ನಿಮ್ಮ ತಂದೆ ಖಡಕ್‌ವಾಸ್ಲಾದ ಸೇನಾ ಅಕಾಡೆಮಿ ಎನ್‌ಡಿಎ ಮುಗಿಸಿ ಬಂದಿರಬಹುದು, ಇಲ್ಲವೇ ಬೇರೆ ದಾರಿಯಿಂದ ಬಂದಿರಬಹುದು. ಹೇಗೆ ಬಂದರೂ ಲೋನಾವಳಾದ ಮಳೆಯಲ್ಲಿ ನೆನೆಯದೆ ಇರಲು ಸಾಧ್ಯವಿಲ್ಲ. ಅಲ್ಲಿ ಪಾಠದ ಜೊತೆಗೆ ಅರ, ಚಾಣ, ಲೇತ್ ಎಲ್ಲವನ್ನೂ ಕೈಯಲ್ಲಿ ಹಿಡಿಸುತ್ತಾರೆ. ಆಫೀಸರ್ ಅಂತ ವಿನಾಯಿತಿ ಇಲ್ಲ. ಹಡಗು ಮುಳುಗುವ ಪರಿಸ್ಥಿತಿಯನ್ನೂ ಕಲಿಸುತ್ತಾರೆ. ಕಬ್ಬಿಣದ ಕೋಣೆಯಲ್ಲಿ ಕೂಡಿಹಾಕಿ, ಗೋಡೆಯ ತೂತಿನಿಂದ ರಭಸವಾಗಿ ನೀರು ಬಿಟ್ಟು, ಎದೆಮಟ್ಟ ನೀರಿನಲ್ಲಿ ನಿಂತು ಮರದ ಬೆಣೆ ಬಡಿಯಿರಿ ಅನ್ನುತ್ತಾರೆ.

ಅವರು ಸೇರಿದ ವರ್ಷ ನೋಡಿ, 1972. ಅದಕ್ಕೆ ಕೆಲವೇ ತಿಂಗಳ ಹಿಂದೆ, ಪಾಕಿಸ್ತಾನದ ಜೊತೆಗಿನ ಯುದ್ಧದಲ್ಲಿ, 1971ರ ಡಿಸೆಂಬರ್ 9ರ ರಾತ್ರಿ, ದಿಯು ಹತ್ತಿರ ನಮ್ಮ ಯುದ್ಧನೌಕೆ ಐಎನ್‌ಎಸ್ ಖುಕ್ರಿ ಟಾರ್ಪಿಡೊ ಹೊಡೆತಕ್ಕೆ ಮುಳುಗಿತ್ತು. ಕ್ಯಾಪ್ಟನ್ ಮಹೇಂದ್ರನಾಥ್ ಮುಲ್ಲಾ ಅವರೂ ಸೇರಿ 18 ಆಫೀಸರ್‌ಗಳು, 176 ನಾವಿಕರು ಹೋದರು. ನಿಮ್ಮ ತಂದೆಯ ಬ್ಯಾಚಿನ ಹುಡುಗರು ಆ ದುಃಖ ಇನ್ನೂ ಹಸಿಯಾಗಿದ್ದಾಗ ಸಮವಸ್ತ್ರ ಹಾಕಿದರು. ಎಂಜಿನ್ ರೂಮ್ ಇರುವುದು ನೀರಿನ ಮಟ್ಟಕ್ಕಿಂತ ಕೆಳಗೆ. ಹಡಗಿಗೆ ಏಟು ಬಿದ್ದರೆ ಅಲ್ಲಿಂದ ಮೇಲಕ್ಕೆ ಬರುವ ದಾರಿ ಉದ್ದ. ಇದು ಅಲ್ಲಿ ಕೆಲಸ ಮಾಡುವ ಎಲ್ಲರಿಗೂ ಗೊತ್ತು, ಯಾರೂ ಬಾಯಿ ಬಿಟ್ಟು ಹೇಳುವುದಿಲ್ಲ. ಮೊಮ್ಮಗಳು "ಯುದ್ಧದ ಕಥೆ" ಅಂದಾಗ ಅವರು ಮಾತು ಮುಗಿಸುವುದಕ್ಕೆ ಇದೂ ಒಂದು ಕಾರಣ ಇರಬಹುದು. ಈ ವಿಷಯ ಅವರಾಗಿಯೇ ಎತ್ತುವವರೆಗೆ ನೀವು ಕೆದಕಬೇಡಿ.

ಈಗ ಬಾಯ್ಲರ್ ಸೂಟಿಗೆ ಬರೋಣ. ನನಗೆ ಇಷ್ಟವಾದ ವಿಷಯ, ಸ್ವಲ್ಪ ಜಾಸ್ತಿ ಬರೆಯುತ್ತೇನೆ. 1972ರ ಜೂನ್‌ನಲ್ಲಿ ಐಎನ್‌ಎಸ್ ನೀಲಗಿರಿ ನೌಕಾಪಡೆಗೆ ಸೇರಿತು. ಬ್ರಿಟಿಷರ ಲಿಯಾಂಡರ್ ಮಾದರಿಯ ಹಡಗನ್ನು ಮುಂಬೈನ ಮಜಗಾಂವ್ ಡಾಕ್‌ನಲ್ಲಿ ನಾವೇ ಕಟ್ಟಿದ್ದು. 1981ರ ಹೊತ್ತಿಗೆ ಅಂಥ ಆರು ಹಡಗುಗಳಾದವು. ಎಲ್ಲವೂ ಹಬೆಯ ಹಡಗುಗಳು. ಎರಡು ಬಾಯ್ಲರ್, ಎರಡು ಟರ್ಬೈನ್ (ಹಬೆಯ ರಭಸಕ್ಕೆ ತಿರುಗುವ ಯಂತ್ರ) ಸೆಟ್, 30,000 ಅಶ್ವಶಕ್ತಿ. ಎಣ್ಣೆ ಉರಿಸಿ ನೀರನ್ನು ಹಬೆ ಮಾಡುವುದು, ಆ ಹಬೆಯನ್ನು ಇನ್ನೂ ಕಾಯಿಸಿ ಟರ್ಬೈನಿಗೆ ಬಿಡುವುದು, ಕೆಲಸ ಮುಗಿಸಿದ ಹಬೆಯನ್ನು ಕಂಡೆನ್ಸರಿನಲ್ಲಿ ಸಮುದ್ರದ ನೀರಿನಿಂದ ತಣಿಸಿ ಮತ್ತೆ ನೀರು ಮಾಡಿ ಬಾಯ್ಲರಿಗೆ ಕಳಿಸುವುದು. ಹೇಳಲು ಇಷ್ಟೇ.

ಮಾಡಲು ಬೇರೆ. ಹಡಗು ಬೆಳಿಗ್ಗೆ ಎಂಟಕ್ಕೆ ಹೊರಡಬೇಕೆಂದರೆ ಬಾಯ್ಲರ್ ರೂಮಿನವರಿಗೆ ಹಿಂದಿನ ರಾತ್ರಿಯೇ ಕೆಲಸ ಶುರು. ಅವಸರ ಮಾಡಿದರೆ ಒಳಗಿನ ಇಟ್ಟಿಗೆ ಸೀಳುತ್ತದೆ, ಟರ್ಬೈನಿನ ರೋಟರ್ ಬಾಗುತ್ತದೆ. ಬೇಸಿಗೆಯಲ್ಲಿ ಅರಬ್ಬೀ ಸಮುದ್ರದಲ್ಲಿ ಕೆಲವು ಮೂಲೆಗಳಲ್ಲಿ ಐವತ್ತು ಡಿಗ್ರಿ ದಾಟುತ್ತಿತ್ತು. ಏಣಿಯ ಕಂಬಿ ಹಿಡಿಯಲು ಕೈಗೆ ಕಾಟನ್ ವೇಸ್ಟ್ ಸುತ್ತಿಕೊಳ್ಳುತ್ತಿದ್ದೆವು. ಅಡುಗೆಮನೆಯ ಕುಕ್ಕರಿನಿಂದ ಬರುವುದು ಕಣ್ಣಿಗೆ ಕಾಣುವ ಹಬೆ. ನಾನೂರೈವತ್ತು ಡಿಗ್ರಿಯ ಹತ್ತಿರ ಕಾದ ಹಬೆ ಕಾಣುವುದೇ ಇಲ್ಲ. ಪೈಪಿನಲ್ಲಿ ಕೂದಲೆಳೆಯಷ್ಟು ಸೀಳು ಇದ್ದರೂ ಅದು ಮಾಂಸವನ್ನು ಕತ್ತರಿಸುತ್ತದೆ. ಶಿಳ್ಳೆಯಂಥ ಸದ್ದು ಮಾತ್ರ ಕೇಳುತ್ತದೆ, ಎಲ್ಲಿಂದ ಅಂತ ಗೊತ್ತಾಗುವುದಿಲ್ಲ. ಅದಕ್ಕೇ ಹಳಬರು ಕೈ ಮುಂದೆ ಚಾಚುತ್ತಿರಲಿಲ್ಲ, ಪೊರಕೆಯನ್ನು ಮುಂದೆ ಹಿಡಿದು ನಿಧಾನವಾಗಿ ನಡೆಯುತ್ತಿದ್ದರು. ಪೊರಕೆಯ ಕಡ್ಡಿ ಉದುರಿದ ಜಾಗವೇ ಸೀಳಿನ ಜಾಗ.

ನೀರಿನ ಶುದ್ಧಿಯ ಬಗ್ಗೆ ಒಂದು ಅನುಭವ ಹೇಳುತ್ತೇನೆ. ನಿಮ್ಮ ಮನೆಯ ಗೀಸರಿನ ಕಾಯಿಲ್ ಮೇಲೆ ಬೋರ್‌ವೆಲ್ ನೀರಿನಿಂದ ಬಿಳಿ ಪದರ ಕಟ್ಟುತ್ತದೆ, ಅಲ್ವಾ? ಬಾಯ್ಲರಿನ ಟ್ಯೂಬಿನಲ್ಲಿ ಅಂಥ ಪದರ ಕಟ್ಟಿದರೆ ಬಿಸಿ ನೀರಿಗೆ ದಾಟುವುದಿಲ್ಲ, ಟ್ಯೂಬೇ ಕೆಂಪಾಗಿ ಒಡೆಯುತ್ತದೆ. ಉಪ್ಪು ಕಬ್ಬಿಣವನ್ನು ತಿನ್ನುವುದು ಬೇರೆ. ಹಾಗಾಗಿ ಪ್ರತಿ ವಾಚಿನಲ್ಲೂ ನೀರಿನ ಸ್ಯಾಂಪಲ್ ತೆಗೆದು ಸಿಲ್ವರ್ ನೈಟ್ರೇಟ್ ಹನಿ ಹಾಕಿ ನೋಡುತ್ತೇವೆ. ನಿಮ್ಮ ಮಗಳು ಪಿಯುಸಿ ಲ್ಯಾಬಿನಲ್ಲಿ ಮಾಡುವ ಪರೀಕ್ಷೆಯೇ ಅದು. ನಾನು ಹೊಸ ಲೆಫ್ಟಿನೆಂಟ್ ಆಗಿದ್ದಾಗ ಒಂದು ರಾತ್ರಿ ಎರಡು ಗಂಟೆಗೆ ಆ ಗಾಜಿನ ನಳಿಕೆ ಹಾಲಿನಂತೆ ಬೆಳ್ಳಗಾಯಿತು. ಕಂಡೆನ್ಸರಿನಲ್ಲಿ ಎಲ್ಲೋ ಟ್ಯೂಬ್ ಸೋರಿ ಸಮುದ್ರದ ಉಪ್ಪು ಒಳಗೆ ಬರುತ್ತಿದೆ ಅಂತ ಅರ್ಥ. ಒಂದು ಕಡೆಯ ಎಂಜಿನ್ ನಿಲ್ಲಿಸಿ, ಇನ್ನೊಂದರಲ್ಲಿ ಹಡಗು ಓಡಿಸುತ್ತಾ, ಕಂಡೆನ್ಸರಿನ ಬಾಗಿಲು ಬಿಚ್ಚಿ ಒಳಗೆ ತೂರಿದೆವು. ಹಬೆ ಓಡಾಡುವ ಭಾಗಕ್ಕೆ ಸಿಹಿನೀರು ತುಂಬಿ, ಸಾಲುಸಾಲಾಗಿ ಇರುವ ಸಾವಿರಾರು ಟ್ಯೂಬುಗಳಲ್ಲಿ ಯಾವುದರ ಬಾಯಿಂದ ಹನಿ ಜಾರುತ್ತದೆ ಅಂತ ಟಾರ್ಚ್ ಹಿಡಿದು ನೋಡಬೇಕು. ನನಗೆ ಕಾಣಲಿಲ್ಲ. ನನ್ನ ಜೊತೆಗಿದ್ದ ಹಿರಿಯ ಆರ್ಟಿಫಿಸರ್, ಅಂದರೆ ನುರಿತ ತಂತ್ರಜ್ಞ ನಾವಿಕ, ಬೆರಳ ತುದಿಯಿಂದ ಒಂದೊಂದೇ ಟ್ಯೂಬ್ ಸವರುತ್ತಾ ಹೋದರು. ಸೂರ್ಯ ಹುಟ್ಟುವ ಮೊದಲು ಎರಡು ಟ್ಯೂಬ್ ಸಿಕ್ಕವು. ಎರಡೂ ಬದಿಗೆ ಬಿರಡೆ ಬಡಿದು ಮುಚ್ಚಿದೆವು. ಮೇಲೆ ಡೆಕ್ಕಿನ ಮೇಲಿದ್ದ ಹೆಚ್ಚಿನವರಿಗೆ ರಾತ್ರಿ ಹಡಗು ಸ್ವಲ್ಪ ನಿಧಾನ ಆಯಿತು ಅನ್ನುವುದಷ್ಟೇ ಗೊತ್ತು. ನಮ್ಮ ಕೆಲಸ ಸರಿಯಾಗಿ ನಡೆದರೆ ಅದು ಯಾರಿಗೂ ಕಾಣುವುದಿಲ್ಲ. ಕಥೆ ಹೇಳಲು ಬಾರದ ಜನರಾಗಿ ನಾವು ಉಳಿಯುವುದು ಇದರಿಂದಲೇ ಅಂತ ನನಗೆ ಅನಿಸುತ್ತದೆ.

ಆ ಬೆರಳು, ಆ ಕಿವಿಯ ಅಭ್ಯಾಸವೇ ನಿಮ್ಮ ಸಂಪಿನ ಮೋಟರಿನ ಹತ್ತಿರ ನಡೆಯುತ್ತಿರುವುದು. ಸ್ಕ್ರೂಡ್ರೈವರಿನ ತುದಿಯನ್ನು ಬೇರಿಂಗ್ ಮೇಲೆ ಇಟ್ಟು ಹಿಡಿಗೆ ಕಿವಿ ಕೊಟ್ಟರೆ ಒಳಗಿನ ಸದ್ದು ಲೋಹದ ಮೂಲಕ ನೇರ ಬರುತ್ತದೆ. ನುಣುಪಾದ ಗುಂಯ್ ಸದ್ದು ಇದ್ದರೆ ಸರಿ, ಕರಕರ ಅಂದರೆ ಬೇರಿಂಗ್ ಹೋಗುತ್ತಿದೆ. ಮನುಷ್ಯರ ಮಾತು ಕೇಳಿಸದ ಕಿವಿಗೆ ಮೋಟರ್ ಮಾತ್ರ ಹೇಗೆ ಕೇಳಿಸುತ್ತದೆ ಅಂತ ನೊಂದುಕೊಳ್ಳಬೇಡಿ. ವರ್ಷಗಟ್ಟಲೆ ಎಂಜಿನ್ ಸದ್ದಿನಲ್ಲಿದ್ದ ಕಿವಿಗೆ ಮೊದಲು ಹೋಗುವುದು ತೆಳುವಾದ, ಎತ್ತರದ ಸದ್ದುಗಳು. ಹೆಂಗಸರ, ಮಕ್ಕಳ ದನಿ ಅದರಲ್ಲೇ ಬರುತ್ತದೆ. ಕೂಗಬೇಡಿ. ಎದುರಿಗೆ ಕೂತು, ಸ್ವಲ್ಪ ದಪ್ಪ ದನಿಯಲ್ಲಿ, ನಿಧಾನವಾಗಿ ಮಾತಾಡಿ. ಕಿವಿಯ ಪರೀಕ್ಷೆಯನ್ನೂ ಮಾಡಿಸಿ.

ಆರೋಗ್ಯದ ಇನ್ನೊಂದು ವಿಷಯ ಮರೆಯಬೇಡಿ. ಆ ಕಾಲದ ಹಬೆಯ ಹಡಗುಗಳಲ್ಲಿ ಪೈಪುಗಳಿಗೆ ಸುತ್ತುತ್ತಿದ್ದದ್ದು ಆಸ್ಬೆಸ್ಟಾಸ್. ರಿಪೇರಿಗೆ ಅದನ್ನು ಬಿಚ್ಚಿದಾಗ ಧೂಳು ಏಳುತ್ತಿತ್ತು. ಅದರಿಂದ ಶ್ವಾಸಕೋಶಕ್ಕೆ ಬರುವ ಕಾಯಿಲೆಗಳು ಇಪ್ಪತ್ತು, ಮೂವತ್ತು, ನಲವತ್ತು ವರ್ಷ ಆದ ಮೇಲೆ ತೋರುತ್ತವೆ. ಎಲ್ಲರಿಗೂ ಬರುವುದಿಲ್ಲ, ಹೆದರಬೇಡಿ. ಆದರೆ ಅವರಿಗೆ ಕೆಮ್ಮು, ಏದುಸಿರು ಇದ್ದರೆ "ಇವರು ಹಬೆಯ ಹಡಗಿನಲ್ಲಿ ಆಸ್ಬೆಸ್ಟಾಸ್ ನಡುವೆ ಕೆಲಸ ಮಾಡಿದವರು" ಅಂತ ಡಾಕ್ಟರಿಗೆ ನೀವೇ ಹೇಳಿ. ಅವರಾಗಿ ಹೇಳುವುದಿಲ್ಲ, ಡಾಕ್ಟರೂ ಕೇಳುವುದಿಲ್ಲ. ಮಾಜಿ ಸೈನಿಕರಿಗಾಗಿ 2003ರಿಂದ ಇರುವ ಇಸಿಎಚ್‌ಎಸ್ ಎಂಬ ಆರೋಗ್ಯ ಯೋಜನೆಯ ಕಾರ್ಡ್ ಅವರ ಹತ್ತಿರ ಇದೆಯೇ ನೋಡಿ. ಇಲ್ಲದಿದ್ದರೆ ಜಿಲ್ಲೆಯ ಸೈನಿಕ ಕಲ್ಯಾಣ ಕಚೇರಿಯಲ್ಲಿ ವಿಚಾರಿಸಿ.

ರಷ್ಯನ್ ನೋಟ್‌ಬುಕ್ ನೋಡಿದರೆ ಅವರು ಮುಂದೆ ಗ್ಯಾಸ್ ಟರ್ಬೈನ್ ಹಡಗುಗಳಿಗೆ, ಅಂದರೆ ಹಬೆಯ ಬದಲು ಉರಿದ ಇಂಧನದ ಬಿಸಿ ಅನಿಲವೇ ಟರ್ಬೈನ್ ತಿರುಗಿಸುವ ಹಡಗುಗಳಿಗೆ ಹೋಗಿರಬೇಕು. 1980ರಲ್ಲಿ ಸೋವಿಯತ್ ಒಕ್ಕೂಟದಿಂದ ಐಎನ್‌ಎಸ್ ರಜಪೂತ್ ಬಂತು, ಅದರ ಹಿಂದೆ ಅದೇ ಮಾದರಿಯ ಇನ್ನೂ ನಾಲ್ಕು. ಹಬೆಯ ಮೇಲೆ ಬೆಳೆದ ಇಂಜಿನಿಯರ್‌ಗೆ ಅದು ಎತ್ತಿನ ಗಾಡಿಯಿಂದ ಇಳಿದು ವಿಮಾನ ಹತ್ತಿದ ಹಾಗೆ. ಗಂಟೆಗಟ್ಟಲೆ ಕಾಯುವುದಿಲ್ಲ, ಕೆಲವೇ ನಿಮಿಷಗಳಲ್ಲಿ ಎಂಜಿನ್ ಸಿದ್ಧ. ಆದರೆ ಬೋರ್ಡು, ಕೈಪಿಡಿ, ಗೇಜು ಎಲ್ಲವೂ ರಷ್ಯನ್‌ನಲ್ಲಿ. ಮೂವತ್ತರ ಹತ್ತಿರದ ಗಂಡಸರು ಮತ್ತೆ ಅಕ್ಷರ ತಿದ್ದಿದರು. ಆ ನೋಟ್‌ಬುಕ್ ಜೋಪಾನ ಮಾಡಿ. ಅಂಥದ್ದು ಈಗ ಸಿಗುವುದಿಲ್ಲ.

ಕೆಲಸದ ಏಣಿ ಹೇಗಿರುತ್ತದೆ ಅಂತಲೂ ಹೇಳಬೇಕು. ಹೊಸ ಆಫೀಸರ್ ಮೊದಲು ಹಡಗಿನ ಪ್ರತಿಯೊಂದು ಪೈಪನ್ನೂ ತೆವಳಿಕೊಂಡು ಹೋಗಿ ನೋಡಿ, ಕೈಯಿಂದ ನಕ್ಷೆ ಬರೆದು, ಹಿರಿಯರ ಮುಂದೆ ಬಾಯಿಪರೀಕ್ಷೆ ಕೊಟ್ಟು ವಾಚ್‌ಕೀಪಿಂಗ್ ಸರ್ಟಿಫಿಕೇಟ್ ತೆಗೆದುಕೊಳ್ಳಬೇಕು. ಆಮೇಲೆ ಚಾರ್ಜ್ ಸರ್ಟಿಫಿಕೇಟ್. ಅದು ಸಿಕ್ಕಿತೆಂದರೆ ಒಂದು ಹಡಗಿನ ಎಂಜಿನ್‌ಗಳನ್ನು ಇವನ ಕೈಗೆ ಒಪ್ಪಿಸಬಹುದು ಅಂತ ಅರ್ಥ. ನನ್ನ ಮಟ್ಟಿಗೆ ಅದು ಯಾವ ಪದಕಕ್ಕೂ ಕಡಿಮೆ ಇಲ್ಲ. ನಂತರ ಹಡಗಿನ ಇಂಜಿನಿಯರ್ ಆಫೀಸರ್, ಅಂದರೆ ಎಲ್ಲರ ಬಾಯಲ್ಲಿ "ಚೀಫ್". ನಡುನಡುವೆ ಡಾಕ್‌ಯಾರ್ಡಿನಲ್ಲಿ ರಿಫಿಟ್ ಕೆಲಸ (ಹಡಗಿನ ದೊಡ್ಡ ದುರಸ್ತಿ), ಹಡಗು ಕಟ್ಟುವ ಕಡೆ ಮೇಲ್ವಿಚಾರಣೆ, ಲೋನಾವಳಾದಲ್ಲಿ ಪಾಠ. ಸಮುದ್ರದ ದಿನಗಳಿಗಿಂತ ರಿಫಿಟ್ ದಿನಗಳು ಕಷ್ಟ, ಇದನ್ನು ಹೊರಗಿನವರು ನಂಬುವುದಿಲ್ಲ. ಹಡಗು ಡ್ರೈ ಡಾಕಿನಲ್ಲಿ, ಮನೆ ಅದೇ ಊರಿನಲ್ಲಿ, ಆದರೂ ಮಕ್ಕಳು ಮಲಗಿದ ಮೇಲೆಯೇ ಮನೆಗೆ ಬರುವುದು. ನಿಮ್ಮ ಬಾಲ್ಯದಲ್ಲಿ "ಅಪ್ಪ ಊರಲ್ಲೇ ಇದ್ದರೂ ಕಾಣುತ್ತಿರಲಿಲ್ಲ" ಅನ್ನುವ ನೆನಪು ಇದ್ದರೆ ಅದು ರಿಫಿಟ್ ಕಾಲ.

ಇಡೀ ಯುದ್ಧನೌಕೆಯನ್ನು ನಡೆಸುವ ನಾಯಕ ಆಗುವ ಅವಕಾಶ ಇಂಜಿನಿಯರ್‌ಗೆ ಇಲ್ಲ. ಅದು ಹಡಗು ನಡೆಸಿ ಯುದ್ಧ ಮಾಡುವ ಎಕ್ಸಿಕ್ಯೂಟಿವ್ ವಿಭಾಗದವರದು. ಇಂಜಿನಿಯರ್ ವೈಸ್ ಅಡ್ಮಿರಲ್‌ವರೆಗೆ ಏರಬಹುದು, ನೌಕಾಪಡೆಯ ತಾಂತ್ರಿಕ ವಿಭಾಗದ ಮುಖ್ಯಸ್ಥ, ಚೀಫ್ ಆಫ್ ಮೆಟೀರಿಯಲ್ ಆಗಬಹುದು. ಹೆಚ್ಚಿನವರು ಕಮಾಂಡರ್, ಕ್ಯಾಪ್ಟನ್ ದರ್ಜೆಯಲ್ಲಿ ನಿಲ್ಲುತ್ತಾರೆ. ಅದರಲ್ಲಿ ಸೋಲು ಏನೂ ಇಲ್ಲ. ಇನ್ನೊಂದು ವಿಷಯ ಮೊಮ್ಮಗಳಿಗೆ ಹೇಳಿ: ಬ್ರಿಟಿಷರ ಕಾಲದಲ್ಲಿ, 1928ರಲ್ಲಿ, ನಮ್ಮ ನೌಕಾಪಡೆಯಲ್ಲಿ ಆಫೀಸರ್ ಆದ ಮೊಟ್ಟಮೊದಲ ಭಾರತೀಯ ಡಿ. ಎನ್. ಮುಖರ್ಜಿ. ಅವರು ಇಂಜಿನಿಯರ್ ಸಬ್ ಲೆಫ್ಟಿನೆಂಟ್.

ಅವಳಿಗೆ ಯುದ್ಧದ ಕಥೆಯೇ ಬೇಕು ಅಂದರೆ ಇಂಜಿನಿಯರ್‌ಗಳ ಯುದ್ಧದ ಕಥೆಯೂ ಇದೆ. 1971ರಲ್ಲಿ ವಿಮಾನವಾಹಕ ನೌಕೆ ಐಎನ್‌ಎಸ್ ವಿಕ್ರಾಂತ್‌ನ ನಾಲ್ಕು ಬಾಯ್ಲರ್‌ಗಳಲ್ಲಿ ಒಂದರಲ್ಲಿ ಬಿರುಕು ಇತ್ತು. ವಿಮಾನವಾಹಕದಲ್ಲಿ ಬಾಯ್ಲರ್ ಅಂದರೆ ಎರಡು ಪಟ್ಟು ಜೀವ. ವಿಮಾನವನ್ನು ಕವಣೆಯಂತೆ ಎಸೆಯುವ ಕ್ಯಾಟಪಲ್ಟಿಗೂ ಅದೇ ಹಬೆ ಬೇಕು. ಹಡಗು ಜೋರಾಗಿ ಓಡಿದರೆ ಡೆಕ್ಕಿನ ಮೇಲೆ ಎದುರುಗಾಳಿ ಸಿಗುತ್ತದೆ, ಆ ಗಾಳಿ ಇದ್ದರೆ ವಿಮಾನ ಏಳುವುದು ಸುಲಭ. ವೇಗ ಇಲ್ಲದ ವಾಹಕವನ್ನು ಬಂದರಿನಲ್ಲೇ ಕಟ್ಟಿಹಾಕೋಣ ಅನ್ನುವುದು ಸುಲಭದ ದಾರಿ. ಆದರೆ ಕಡಿಮೆ ವೇಗದಲ್ಲೇ ಅದು ಬಂಗಾಳ ಕೊಲ್ಲಿಗೆ ಹೋಯಿತು. ಡಿಸೆಂಬರ್ 4ರಂದು ಅದರ ಸೀಹಾಕ್ ವಿಮಾನಗಳು ಆಗಿನ ಪೂರ್ವ ಪಾಕಿಸ್ತಾನದ (ಈಗಿನ ಬಾಂಗ್ಲಾದೇಶದ) ಕಾಕ್ಸ್ ಬಜಾರ್ ಮೇಲೆ ದಾಳಿ ಮಾಡಿದವು. ವಿಮಾನಗಳ ಫೋಟೊ ಎಲ್ಲರೂ ನೋಡಿದ್ದಾರೆ. ಆ ಬಾಯ್ಲರ್ ರೂಮಿನ ಗೇಜಿನ ಮುಂದೆ ಕಣ್ಣು ಮಿಟುಕಿಸದೆ ನಿಂತವರ ಫೋಟೊ ನಾನೂ ನೋಡಿಲ್ಲ.

ನಿವೃತ್ತಿಯ ಬಗ್ಗೆ ಜಾಸ್ತಿ ಬರೆಯುವುದಿಲ್ಲ. ಪಿಂಚಣಿ ಇರುತ್ತದೆ. ಹೆಚ್ಚಿನವರು ಹಡಗುಕಟ್ಟೆ, ವಿದ್ಯುತ್ ಸ್ಥಾವರ, ಕಾರ್ಖಾನೆ ಅಂತ ಇನ್ನೊಂದು ಹತ್ತು ವರ್ಷ ದುಡಿಯುತ್ತಾರೆ. ಕಷ್ಟ ಆಗುವುದು ಮೌನ. ಹಡಗು ಎಂದೂ ಪೂರ್ತಿ ಸುಮ್ಮನಿರುವುದಿಲ್ಲ, ಮಲಗಿದಾಗಲೂ ಯಾವುದೋ ಪಂಪ್ ಓಡುತ್ತಿರುತ್ತದೆ. ಆ ಸದ್ದು ನಿಂತರೆ ಏನೋ ಕೆಟ್ಟಿದೆ ಅಂತ ಎದ್ದು ಕೂರುತ್ತೇವೆ. ಮನೆಯಲ್ಲಿ ಮೊದಲ ವರ್ಷ ನಾನು ನಿದ್ದೆ ಮಾಡಿದ್ದು ಫ್ಯಾನ್ ಹಾಕಿಕೊಂಡೇ, ಚಳಿಗಾಲದಲ್ಲೂ.

ಮಾತಾಡಿಸುವ ದಾರಿ ಹೇಳುತ್ತೇನೆ. "ನಿಮ್ಮ ಅನುಭವ ಹೇಳಿ" ಅಂತ ಕೇಳಬೇಡಿ. ಅದಕ್ಕೆ ಅವರ ಹತ್ತಿರ ಉತ್ತರ ಇಲ್ಲ. ಯಂತ್ರದ ಬಗ್ಗೆ ಕೇಳಿ. ಬಾಯ್ಲರ್‌ಗೆ ಬೆಂಕಿ ಹಾಕುವುದು ಹೇಗೆ? ಗೇಜಿನಲ್ಲಿ ನೀರು ಕಾಣದಿದ್ದರೆ ಏನು ಮಾಡಬೇಕು? ಚಿಕ್ಕ ಪ್ರಶ್ನೆ, ನಿಖರವಾದ ಪ್ರಶ್ನೆ. ಕೈಗೆ ಪೆನ್ನು, ಹಾಳೆ ಕೊಡಿ, ನಕ್ಷೆ ಬರೆಯುತ್ತಾ ಮಾತಾಡುತ್ತಾರೆ. ಮನುಷ್ಯರ ಹೆಸರುಗಳು ತಾವಾಗಿ ಬರುತ್ತವೆ. ಬಾಯ್ಲರ್ ನೋಡಿಕೊಳ್ಳುವ ಯಾವ ಸ್ಟೋಕರ್ ಚೆನ್ನಾಗಿ ಹಾಡುತ್ತಿದ್ದ, ಯಾರ ಮದುವೆಗೆ ರಜೆ ಸಿಗಲಿಲ್ಲ, ಎಲ್ಲವೂ.

ರಜೆಯಲ್ಲಿ ಒಮ್ಮೆ ಕಾರವಾರಕ್ಕೆ ಕರೆದುಕೊಂಡು ಹೋಗಿ. ಯಲ್ಲಾಪುರ, ಅಂಕೋಲಾ ದಾಟಿದರೆ ಆಯಿತು, ಒಂದೇ ದಿನದ ದಾರಿ. ರವೀಂದ್ರನಾಥ ಟಾಗೋರ್ ಕಡಲತೀರದಲ್ಲಿ ಐಎನ್‌ಎಸ್ ಚಪಲ್ ಅನ್ನುವ ಕ್ಷಿಪಣಿ ದೋಣಿಯನ್ನು ಮ್ಯೂಸಿಯಂ ಮಾಡಿ ನಿಲ್ಲಿಸಿದ್ದಾರೆ. ಅದೂ ಸೋವಿಯತ್ ದೋಣಿ. ಅದರ ಡೀಸೆಲ್ ಎಂಜಿನ್‌ಗಳು ಮೂರು, ಒಂದೊಂದಕ್ಕೂ 56 ಸಿಲಿಂಡರ್. ನಿಮ್ಮ ಕಾರಿಗೆ ಇರುವುದು ಮೂರೋ ನಾಲ್ಕೋ. "ತಾತಾ, ಇಷ್ಟು ಸಿಲಿಂಡರ್ ಯಾಕೆ?" ಅಂತ ಮೊಮ್ಮಗಳು ಅಲ್ಲೇ ನಿಂತು ಕೇಳಲಿ. ಆ ದಿನ ವಾಪಸ್ ಬರುವಾಗ ಕಾರಿನಲ್ಲಿ ಹಾಡು ಹಾಕುವ ಅಗತ್ಯ ಬೀಳುವುದಿಲ್ಲ.

ಅವಳಿಗೇ ಆಸೆ ಹುಟ್ಟಿದರೆ ದಾರಿ ಇದೆ. ಪಿಯುಸಿ ಆದ ಮೇಲೆ ಜೆಇಇ ಮೇನ್ ರ‍್ಯಾಂಕ್ ಆಧಾರದ ಮೇಲೆ ಸಂದರ್ಶನಕ್ಕೆ ಕರೆಯುತ್ತಾರೆ. ಆಯ್ಕೆಯಾದರೆ ಕೇರಳದ ಎಳಿಮಲದ ನೌಕಾ ಅಕಾಡೆಮಿಯಲ್ಲಿ ನಾಲ್ಕು ವರ್ಷ ಬಿ.ಟೆಕ್, ಖರ್ಚೆಲ್ಲ ಸರ್ಕಾರದ್ದು. ಈಗ ಹುಡುಗಿಯರಿಗೂ ಅವಕಾಶ ಇದೆ. 2017–18ರಲ್ಲಿ ಐಎನ್‌ಎಸ್‌ವಿ ತಾರಿಣಿ ಅನ್ನುವ ಹಾಯಿದೋಣಿಯಲ್ಲಿ ಆರು ಮಹಿಳಾ ಆಫೀಸರ್‌ಗಳು ಭೂಮಿ ಸುತ್ತಿ ಬಂದರು. ಅವರ ನಾಯಕಿ ವರ್ತಿಕಾ ಜೋಶಿ ಹಡಗು ವಿನ್ಯಾಸದ ಇಂಜಿನಿಯರ್. ಇವತ್ತಿನ ಹೊಸ ವಿಕ್ರಾಂತ್‌ನಲ್ಲಿ ಬಾಯ್ಲರ್ ಇಲ್ಲ, ನಾಲ್ಕು ಗ್ಯಾಸ್ ಟರ್ಬೈನ್ ಇವೆ. ಅವನ್ನು ಜೋಡಿಸಿದ್ದು ನಮ್ಮ ಬೆಂಗಳೂರಿನ ಎಚ್‌ಎಎಲ್‌ನಲ್ಲಿ.

ನಾಳೆ ಬೆಳಗಿನ ಜಾವ ಮೂರೂವರೆಗೆ ಅವರು ಎದ್ದಾಗ ನೀವೂ ಎದ್ದು ಎರಡು ಲೋಟ ಚಹಾ ಮಾಡಿ. ಎದುರಿಗೆ ಕೂತು ಈ ಒಂದು ಪ್ರಶ್ನೆ ಕೇಳಿ: "ಅಪ್ಪಾ, ನಿಮಗೆ ಚಾರ್ಜ್ ಸರ್ಟಿಫಿಕೇಟ್ ಸಿಕ್ಕಿದ್ದು ಯಾವ ಹಡಗಿನಲ್ಲಿ?" ಆಮೇಲೆ ನಡುವೆ ಬಾಯಿ ಹಾಕಬೇಡಿ.